ಡಿಶ್‌ವಾಷರ್‌ನಲ್ಲಿ ನೀರು ನಿಂತಿದೆಯೇ? ಪಂಪ್ ಬಿಚ್ಚುವ ಮೊದಲು ಒಂದು ಬಕೆಟ್ ತನ್ನಿ

ಡಿಶ್‌ವಾಷರ್ ಬಾಗಿಲು ತೆಗೆದಾಗ ತಳದಲ್ಲಿ ಮುಸುರೆ ನೀರು ನಿಂತಿದ್ದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಮೊದಲು ಬರುವ ಮಾತು, ‘ಪಂಪ್ ಹೋಗೇತಿ ತಗೋ’. ಪಂಪ್ ಹೋಗುವುದೂ ಉಂಟು. ಆದರೆ ಆ ಅನುಮಾನ ಕೊನೆಗೆ ಬರಲಿ. ಅದಕ್ಕೂ ಮೊದಲು ತಳದ ಜಾಳಿಗೆಯಲ್ಲಿ (ಫಿಲ್ಟರ್) ಜೋಳದ ಹಿಟ್ಟು ಮೆತ್ತಿಕೊಂಡಿರಬಹುದು, ಮಷಿನ್ ಹಿಂದೆ ಪೈಪ್ ಮಡಚಿಕೊಂಡಿರಬಹುದು, ಸಿಂಕಿನ ಕೆಳಗಿನ ಟ್ರ್ಯಾಪ್ (ವಾಸನೆ ಬಾರದಂತೆ ನೀರು ನಿಲ್ಲಿಸುವ ಭಾಗ) ಕಟ್ಟಿರಬಹುದು, ಅಂಗಳದ ಗಟಾರದ ಚೇಂಬರೇ ತುಂಬಿರಬಹುದು. ಇವನ್ನೆಲ್ಲ ಮಷಿನ್ ಬಿಚ್ಚದೆಯೇ ನೋಡಬಹುದು. ತೊಂದರೆ ಮಷಿನ್ ಒಳಗಿದೆಯೋ ಹೊರಗಿದೆಯೋ ಎಂಬುದು ಮೊದಲು ತೀರ್ಮಾನವಾಗಲಿ. ಅದಕ್ಕೆ ಬೇಕಾಗುವುದು ಒಂದು ಬಕೆಟ್ ಮಾತ್ರ.

ಮೊದಲ ಪ್ರಶ್ನೆ: ಇದು ನಿಜವಾಗಿಯೂ ತೊಂದರೆಯೇ?

ತಳದ ಜಾಳಿಗೆ ಕೂರುವ ಕುಳಿಯಲ್ಲಿ ಸ್ವಲ್ಪ ತಿಳಿನೀರು ಯಾವಾಗಲೂ ಉಳಿಯುತ್ತದೆ. ಒಳಗಿನ ರಬ್ಬರ್ ಸೀಲುಗಳು ಒಣಗಿ ಬಿರಿಯದಂತೆ ಆ ನೀರು ಕಾಯುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ನೀರು ಜಾಳಿಗೆ ಕೂರುವ ಸ್ಟೀಲ್ ತಟ್ಟೆಯನ್ನೂ ಮುಳುಗಿಸಿ ನಿಂತಿದ್ದರೆ, ಕಲಕಾಗಿದ್ದರೆ, ನಾರುತ್ತಿದ್ದರೆ ಮಾತ್ರ ಮುಂದೆ ಓದಿ.

ಎರಡನೆಯದು ಕರೆಂಟ್. ತೊಳೆಯುವ ನಡುವೆ ಕರೆಂಟ್ ಹೋದರೆ ನೀರು ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಎಷ್ಟೋ ಮಷಿನ್‌ಗಳು ಕರೆಂಟ್ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತವೆ, ಕೆಲವಕ್ಕೆ ಮತ್ತೆ ಸ್ಟಾರ್ಟ್ ಒತ್ತಬೇಕು. ಬೆಳಿಗ್ಗೆ ಎದ್ದು ನೋಡಿದವರಿಗೆ ರಾತ್ರಿ ಕರೆಂಟ್ ಹೋದದ್ದು ತಿಳಿದಿರುವುದಿಲ್ಲ, ನಿಂತ ನೀರಷ್ಟೇ ಕಾಣುತ್ತದೆ. ಹಾಗಾಗಿ ಮೊದಲು ಮಷಿನ್‌ಗೆ ನೀರು ಹೊರಹಾಕುವ ಒಂದು ಅವಕಾಶ ಕೊಡಿ. ಬಾಷ್, ಸೀಮೆನ್ಸ್‌ನ ಹೆಚ್ಚಿನ ಮಾದರಿಗಳಲ್ಲಿ ಸ್ಟಾರ್ಟ್ ಗುಂಡಿಯನ್ನು ಸುಮಾರು 3 ಸೆಕೆಂಡು ಒತ್ತಿ ಹಿಡಿದು ಬಾಗಿಲು ಹಾಕಿದರೆ ನಡೆಯುತ್ತಿದ್ದ ಪ್ರೋಗ್ರಾಂ ರದ್ದಾಗಿ, ಒಂದು ನಿಮಿಷದಷ್ಟು ಹೊತ್ತು ಪಂಪ್ ಓಡಿ ನೀರು ಹೋಗುತ್ತದೆ. ಬೇರೆ ಕಂಪನಿಗಳವುಗಳಲ್ಲಿ ಕ್ಯಾನ್ಸಲ್ ಅಥವಾ ಡ್ರೇನ್ ಎಂದು ಬರೆದ ಗುಂಡಿ ಇರುತ್ತದೆ, ಇಲ್ಲವೇ ಎರಡು ಗುಂಡಿ ಕೂಡಿಸಿ ಒತ್ತಬೇಕಾಗುತ್ತದೆ. ಕೈಪಿಡಿ ನೋಡಿ. ನೀರು ಪೂರ್ತಿ ಹೋಯಿತೋ, ನಿಮ್ಮ ಕೆಲಸ ಮುಗಿಯಿತು.

ಕಿವಿಗೊಟ್ಟು ಕೇಳಿ

ನೀರು ಹೋಗದಿದ್ದರೆ ಅದೇ ಒಂದು ನಿಮಿಷದ ಓಟವನ್ನು ಇನ್ನೊಮ್ಮೆ ಮಾಡಿಸಿ, ಈ ಸಲ ಮಿಕ್ಸರ್, ಟಿವಿ ಎಲ್ಲ ಬಂದ್ ಮಾಡಿ ಬಾಗಿಲ ಕೆಳಭಾಗದ ಹತ್ತಿರ ಕಿವಿ ಇಡಿ. ಅರ್ಧ ರೋಗ ಇಲ್ಲೇ ಪತ್ತೆಯಾಗುತ್ತದೆ.

ಪಂಪ್ ಜೋರಾಗಿ, ಎಂದಿನಂತೆಯೇ ಓಡುತ್ತಿದೆ, ಆದರೆ ನೀರು ಇಳಿಯುತ್ತಿಲ್ಲ ಎಂದರೆ ಹೆಚ್ಚಾಗಿ ಅಡ್ಡಿ ಮುಂದಿದೆ: ಪೈಪ್‌ನಲ್ಲೋ ಸಿಂಕಿನ ಟ್ರ್ಯಾಪ್‌ನಲ್ಲೋ. ‘ಹುಂ’ ಎಂದು ಮುಲುಗುತ್ತದೆ, ಆದರೆ ತಿರುಗಿದ ಸದ್ದಿಲ್ಲ ಎಂದರೆ ಪಂಪಿನ ಎಲೆಚಕ್ರಕ್ಕೆ (ನೀರು ದೂಡುವ ಪುಟ್ಟ ಚಕ್ರ, ಇಂಪೆಲರ್) ಏನೋ ಸಿಕ್ಕಿಕೊಂಡಿದೆ, ಅಥವಾ ವೋಲ್ಟೇಜ್ ತೀರಾ ಇಳಿದಿದೆ. ಸದ್ದೇ ಇಲ್ಲದಿದ್ದರೆ ಪಂಪಿಗೆ ಕರೆಂಟ್ ಹೋಗುತ್ತಿಲ್ಲ ಅಥವಾ ಪಂಪಿನ ಸುರುಳಿ (ಕಾಯಿಲ್) ಸುಟ್ಟಿದೆ. ಮಷಿನ್ ನೀರು ಬಿಡುವಾಗ ಸಿಂಕಿನ ತೂತಿನಿಂದ ಗುಳುಗುಳು ಸದ್ದು ಬಂದು ಸಿಂಕಿನೊಳಗೆ ನೀರು ಮೇಲೇರಿದರೆ ಮಷಿನ್ ನಿರಪರಾಧಿ. ಪ್ಲಂಬರ್‌ಗೆ ಹೇಳಬೇಕಾದ ಕೆಲಸ ಅದು.

ಡಿಸ್‌ಪ್ಲೇ ಇರುವ ಮಷಿನ್ ಆದರೆ ಅದು ತಾನೇ ಹೇಳುತ್ತದೆ. ಬಾಷ್ ಮತ್ತು ಸೀಮೆನ್ಸ್‌ನಲ್ಲಿ ಇ24 ಎಂದರೆ ನೀರು ಹೊರಗೆ ಹೋಗುವ ಪೈಪ್ ಕಟ್ಟಿದೆ ಅಥವಾ ಮಡಚಿದೆ, ಇ25 ಎಂದರೆ ಪಂಪ್‌ಗೆ ಏನೋ ಅಡ್ಡ ಬಂದಿದೆ ಅಥವಾ ಪಂಪಿನ ಮುಚ್ಚಳ ಸರಿಯಾಗಿ ಕೂತಿಲ್ಲ. ನೀರು ಹೋಗುತ್ತಿಲ್ಲ ಎನ್ನಲು ಎಲ್‌ಜಿಯಲ್ಲಿ ಓಇ, ಸ್ಯಾಮ್‌ಸಂಗ್‌ನಲ್ಲಿ 5ಸಿ ಬರುತ್ತದೆ. ಬಾಷ್, ಸೀಮೆನ್ಸ್‌ನಲ್ಲಿ ಇ15 ಬಂದರೆ ಮಾತ್ರ ವಿಷಯವೇ ಬೇರೆ, ಅದನ್ನು ಕೆಳಗೆ ಪ್ರತ್ಯೇಕವಾಗಿ ಬರೆದಿದ್ದೇನೆ.

ಕೈ ಹಾಕುವ ಮೊದಲು

ಪ್ಲಗ್ ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು, 16 ಆಂಪಿಯರ್ ಪ್ಲಗ್ಗನ್ನೇ ಕಿತ್ತಿಡಿ. ನೀರು ಬರುವ ನಲ್ಲಿ ಬಂದ್ ಮಾಡಿ. ಈಗಷ್ಟೇ ಓಡಿದ ಮಷಿನ್ ಆಗಿದ್ದರೆ ಅರ್ಧ ತಾಸು ಬಿಡಿ, ಬಿಸಿ ಪ್ರೋಗ್ರಾಂನಲ್ಲಿ ಒಳಗಿನ ನೀರು 65-70 ಡಿಗ್ರಿ ಮುಟ್ಟಿರುತ್ತದೆ. ರಬ್ಬರ್ ಕೈಗವಸು ಬೇಕೇ ಬೇಕು: ಡಿಶ್‌ವಾಷರ್ ಪುಡಿ ಸಾಮಾನ್ಯ ಸೋಪಿಗಿಂತ ಬಹಳ ಕ್ಷಾರ, ಚರ್ಮ ಸುಡುತ್ತದೆ. ಅದಕ್ಕಿಂತ ಮುಖ್ಯ, ಕುಳಿಯಲ್ಲಿ ಒಡೆದ ಗಾಜಿನ ಚೂರು ಕಾಣದೆ ಕುಳಿತಿರಬಹುದು.

ಕೆಳಗಿನ ಬುಟ್ಟಿ ಹೊರಗೆ ತೆಗೆದು ಲೋಟದಿಂದ ನೀರು ಮೊಗೆಯಿರಿ, ಉಳಿದದ್ದನ್ನು ಸ್ಪಂಜಿನಿಂದ ಹಿಂಡಿ. ಒಮ್ಮೆ ತುಂಬಿಕೊಳ್ಳುವ ನೀರು ಸಾಮಾನ್ಯವಾಗಿ 3-4 ಲೀಟರ್ ಅಷ್ಟೇ, ಹೆದರಬೇಡಿ. ನೀರನ್ನು ಎಲ್ಲ ಮೊಗೆದು ಹಾಕುವ ಮುನ್ನ ಮುಂದಿನ ಪರೀಕ್ಷೆ ಓದಿಕೊಳ್ಳಿ, ಅದಕ್ಕೆ ಸ್ವಲ್ಪ ನೀರು ಬೇಕಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಚ್ಚಲ ತೊಳೆಯುವ ಆ್ಯಸಿಡ್ ನಮ್ಮ ಪ್ರತಿ ಮನೆಯಲ್ಲೂ ಇರುತ್ತದೆ, ಅದನ್ನು ಮಷಿನ್‌ಗೆ ಸುರಿಯುವ ಆಸೆ ಬರುತ್ತದೆ. ಬೇಡ. ಸ್ಟೀಲ್ ಒಳಮೈಗೆ ಕಲೆ ಬಿದ್ದು ತೂತಾಗುತ್ತದೆ, ರಬ್ಬರ್ ಹಾಳಾಗುತ್ತದೆ, ಕೆಲವು ಡಿಶ್‌ವಾಷರ್ ಪುಡಿಗಳಲ್ಲಿರುವ ಬ್ಲೀಚಿನ ಜೊತೆ ಆ್ಯಸಿಡ್ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಮೋರಿ ಬಿಡಿಸುವ ಕಾಸ್ಟಿಕ್ ಪುಡಿಯೂ ಬೇಡ. ವಿನೆಗರ್ ಮತ್ತು ಅಡಿಗೆ ಸೋಡಾ ಕೂಡಿಸಿ ಸುರಿಯುವ ಮೊಬೈಲ್ ವಿಡಿಯೋಗಳು ಬಹಳ ಓಡಾಡುತ್ತವೆ. ಅದರಿಂದ ಹಾನಿ ಏನಿಲ್ಲ, ಉಪಯೋಗವೂ ಅಷ್ಟಕ್ಕಷ್ಟೆ. ಒಂದು ಹುಳಿ, ಒಂದು ಕ್ಷಾರ, ಎರಡೂ ಸೇರಿ ನೊರೆಯೆದ್ದು ಒಂದನ್ನೊಂದು ತಣಿಸಿಕೊಳ್ಳುತ್ತವೆ. ಪಂಪಿಗೆ ಸಿಕ್ಕ ನಿಂಬೆ ಬೀಜ ಅದರಿಂದ ಹೊರಗೆ ಬರುವುದಿಲ್ಲ.

ಬಕೆಟ್ ಪರೀಕ್ಷೆ

ಸಿಂಕಿನ ಕೆಳಗೆ ಮಷಿನ್‌ನ ಡ್ರೇನ್ ಪೈಪ್ ಟ್ರ್ಯಾಪ್‌ಗೆ ಸೇರುವ ಜಾಗ ನೋಡಿ. ಅಲ್ಲಿ ಕ್ಲಿಪ್ ಇರುತ್ತದೆ, ಸಡಿಲಿಸಿ ಪೈಪ್ ಬಿಡಿಸಿ. ಬಿಡಿಸುವಾಗ ಪೈಪ್‌ನಲ್ಲಿ ನಿಂತ ನೀರು ಸುರಿಯುತ್ತದೆ, ಕೆಳಗೆ ಹಳೆ ಬಟ್ಟೆ ಹಾಸಿರಿ. ಪೈಪ್‌ನ ಬಾಯಿಯನ್ನು ಸ್ಟೂಲ್ ಮೇಲಿಟ್ಟ ಬಕೆಟ್‌ಗೆ ಹಾಕಿ ಒಬ್ಬರು ಗಟ್ಟಿಯಾಗಿ ಹಿಡಿಯಿರಿ. ಬಾಯಿ ನೆಲದಿಂದ ಒಂದೂವರೆ-ಎರಡು ಅಡಿ ಎತ್ತರದಲ್ಲಿರಲಿ. ಇನ್ನೊಬ್ಬರು ಒಣಗಿದ ಕೈಯಿಂದ ಪ್ಲಗ್ ಹಾಕಿ ಮೇಲೆ ಹೇಳಿದ ರದ್ದು ಮಾಡುವ ಗುಂಡಿ ಒತ್ತಲಿ.

ನೀರು ರಭಸದಿಂದ ಬಕೆಟ್‌ಗೆ ಬಿದ್ದರೆ ನಿಮ್ಮ ಮಷಿನ್ ಆರೋಗ್ಯವಾಗಿದೆ, ಪಂಪ್ ಆರೋಗ್ಯವಾಗಿದೆ, ರೋಗ ಮನೆಯದು. ಸಣ್ಣ ಧಾರೆ ತೊಟ್ಟಿಕ್ಕಿದರೆ, ಏನೂ ಬಾರದಿದ್ದರೆ ತೊಂದರೆ ಮಷಿನ್‌ನಲ್ಲಿ ಅಥವಾ ಅದರ ಪೈಪ್‌ನಲ್ಲಿ. ಇಷ್ಟು ಮಾಡದೆ ಪಂಪ್ ಬದಲಿಸಿ, ಮತ್ತೆ ಅದೇ ನೀರು ನಿಂತದ್ದು ನೋಡಿ ತಲೆಮೇಲೆ ಕೈಹೊತ್ತವರು ಬಹಳ.

ರೋಗ ಮನೆಯದಾದರೆ

ಸಿಂಕಿನ ಬಾಟಲ್ ಟ್ರ್ಯಾಪ್ ಕೆಳಗಿನ ಕಪ್ಪನ್ನು ಕೈಯಿಂದಲೇ ತಿರುಗಿಸಿ ಬಿಚ್ಚಬಹುದು. ಎಣ್ಣೆಯ ಜಿಡ್ಡು, ಚಹಾದ ಚರಟ, ಅನ್ನದ ಅಗುಳು ಸೇರಿ ಕಪ್ಪು ಮುದ್ದೆಯಾಗಿರುತ್ತದೆ. ಪೈಪ್ ಸೇರುವ ಮೂತಿಯನ್ನೂ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಜಿಡ್ಡು ಮೊದಲು ಕಟ್ಟುವುದು ಅಲ್ಲೇ. ಹೊಸದಾಗಿ ಮಷಿನ್ ಕೂಡಿಸಿದ ಮನೆಯಾದರೆ ಇನ್ನೊಂದನ್ನು ನೋಡಿ: ಕೆಲವು ಟ್ರ್ಯಾಪ್‌ಗಳಲ್ಲಿ ಡಿಶ್‌ವಾಷರ್‌ಗೆಂದು ಬಿಟ್ಟ ಮೂತಿಗೆ ಒಳಗಡೆ ತೆಳುವಾದ ಪ್ಲಾಸ್ಟಿಕ್ ಪರದೆ ಇರುತ್ತದೆ. ಜೋಡಿಸುವಾಗ ಅದನ್ನು ಕತ್ತರಿಸಬೇಕು. ಮರೆತರೆ ಮೊದಲ ದಿನದಿಂದಲೇ ನೀರು ಹೋಗುವುದಿಲ್ಲ.

ಈಗ ನಮ್ಮ ಊರಿನ ಮನೆಗಳ ವಿಷಯ. ಧಾರವಾಡದ ಮಾಳಮಡ್ಡಿಯಂಥ ಹಳೆಯ ಬಡಾವಣೆಗಳ ಮನೆಗಳಲ್ಲಿ ಅಡಿಗೆಮನೆಯ ಸಿಂಕ್ ಆಮೇಲೆ ಸೇರಿಸಿದ್ದು. ಮಷಿನ್‌ಗೆ ಜಾಗ ಸಿಕ್ಕಲ್ಲಿ ಇಟ್ಟು, ಪೈಪ್‌ಗೆ ಇನ್ನೊಂದು ಪೈಪ್ ಜೋಡಿಸಿ, ಗೋಡೆ ಕೊರೆದು ಬಚ್ಚಲಿಗೋ ಹಿತ್ತಲಿನ ಗಟಾರಕ್ಕೋ ಎಳೆದಿರುತ್ತಾರೆ. ಇಲ್ಲಿ ಎರಡು ತಪ್ಪು ಒಟ್ಟಿಗೇ ಆಗುತ್ತವೆ. ಉದ್ದ ಹೆಚ್ಚಾದಷ್ಟೂ ಪಂಪ್ ಸೋಲುತ್ತದೆ. ಡಿಶ್‌ವಾಷರ್ ಪಂಪ್ ಬೋರ್‌ವೆಲ್ ಮೋಟಾರಲ್ಲ, ನೂರು ವ್ಯಾಟ್ ಕೂಡ ಇಲ್ಲದ ಸಣ್ಣ ಸಾಮಾನು. ಜೋಡಿಸಿದ ಕಡೆ ಒಳಗಿನ ಅಳತೆ ಕಿರಿದಾದರೆ ಅಲ್ಲೇ ಹಿಟ್ಟು ಕಟ್ಟುತ್ತದೆ. ಕೈಪಿಡಿಯಲ್ಲಿ ಬರೆದ ಗರಿಷ್ಠ ಉದ್ದ ಮೀರಬೇಡಿ, ಉದ್ದ ಬೇಕೇ ಆದರೆ ಕಂಪನಿಯದೇ ಪೈಪ್ ಹಾಕಿಸಿ.

ಎರಡನೆಯ ತಪ್ಪು ಎತ್ತರದ್ದು. ಹೆಚ್ಚಿನ ಮಷಿನ್‌ಗಳಿಗೆ ಡ್ರೇನ್ ಪೈಪ್‌ನ ಮೇಲಿನ ತಿರುವು ನೆಲದಿಂದ ಸುಮಾರು 40 ಸೆಂಟಿಮೀಟರ್‌ಗಿಂತ ಮೇಲೆ, 100 ಸೆಂಟಿಮೀಟರ್ ಆಸುಪಾಸಿಗಿಂತ ಕೆಳಗೆ ಇರಬೇಕು. ಮೇಲಾದರೆ ಪಂಪ್ ಎತ್ತಲಾರದು. ಬಚ್ಚಲ ತೂತಿಗೆ ನೇರವಾಗಿ ನೆಲದ ಮೇಲೆ ಬಿಟ್ಟರೆ ಉಲ್ಟಾ ಸಮಸ್ಯೆ: ತುಂಬಿದ ನೀರು ಸೈಫನ್ ಆಗಿ ತಾನೇ ಹರಿದು ಹೋಗುತ್ತದೆ, ಮಷಿನ್ ಮತ್ತೆ ಮತ್ತೆ ತುಂಬಿಕೊಳ್ಳುತ್ತದೆ, ಭಾಂಡೆ ಮಾತ್ರ ಮುಸುರೆಯಾಗೇ ಉಳಿಯುತ್ತವೆ. ಮಲಪ್ರಭಾ ನೀರು ಬರುವ ದಿನಕ್ಕೆ ಕಾದು ಟಾಕಿ ತುಂಬಿಸಿಕೊಳ್ಳುವ ಓಣಿಗಳಲ್ಲಿ ಈ ನಷ್ಟ ಸಣ್ಣದಲ್ಲ. ಪೈಪನ್ನು ಕಟ್ಟೆಯ ಅಡಿಭಾಗಕ್ಕೆ ಎತ್ತಿ ಕ್ಲಿಪ್ ಹೊಡೆದು ಆಮೇಲೆ ಕೆಳಗಿಳಿಸಿ. ಆ ಎತ್ತರದ ತಿರುವು ಇದ್ದರೆ ಗಟಾರದ ಹೊಲಸು ನೀರೂ ಹಿಂದಕ್ಕೆ ಬಂದು ಮಷಿನ್ ಸೇರುವುದಿಲ್ಲ.

ಪೈಪ್‌ನ ತುದಿ ಹಿತ್ತಲಿನಲ್ಲಿ ತೆರೆದಿದ್ದರೆ ಹೆಗ್ಗಣ, ಜಿರಲೆಗಳ ಕಾಟ ತಪ್ಪಿದ್ದಲ್ಲ. ಅದಕ್ಕೆಂದು ತುದಿಗೆ ಬಟ್ಟೆ ಅಥವಾ ಸೊಳ್ಳೆಪರದೆ ಕಟ್ಟುತ್ತಾರೆ, ವಾರದೊಳಗೆ ಅದೇ ಕಟ್ಟಿಕೊಂಡು ನೀರು ನಿಲ್ಲುತ್ತದೆ. ದೊಡ್ಡ ಕಣ್ಣಿನ ತಂತಿ ಜಾಳಿಗೆ ಹಾಕಿ, ಆಗಾಗ ನೋಡಿ.

ಚೇಂಬರ್ ಮುಚ್ಚಳ ಎತ್ತಿ ನೋಡುವುದೂ ಈ ಹಂತದಲ್ಲೇ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ನೆಲದಡಿಯ ಪೈಪ್ ಅದರ ಜೊತೆ ಏರಿಳಿದು ಇಳಿಜಾರು ಕೆಡುತ್ತದೆ, ಕೀಲು ಬಿಡುತ್ತದೆ. ಹಾಗಾದ ಮೇಲೆ ಸಿಂಕಿನ ನೀರು ನಿಧಾನಕ್ಕಾದರೂ ಹೋಗುತ್ತದೆ, ಡಿಶ್‌ವಾಷರ್ ಒಮ್ಮೆಲೇ ದೂಡಿದ ನೀರಿಗೆ ಮಾತ್ರ ಜಾಗ ಸಿಗುವುದಿಲ್ಲ. ಆಷಾಢದಲ್ಲಿ ಶುರುವಾಗಿ ದೀಪಾವಳಿಗೆ ತಾನೇ ಸರಿಯಾಗುವ ‘ಮಷಿನ್ ರೋಗ’ ಇದ್ದರೆ ಅಂಗಳವನ್ನೇ ಅನುಮಾನಿಸಿ.

ರೋಗ ಮಷಿನ್‌ನದಾದರೆ

ಮತ್ತೆ ಪ್ಲಗ್ ತೆಗೆದು, ಉಳಿದ ನೀರು ಮೊಗೆದು, ಈ ಕ್ರಮದಲ್ಲಿ ಹೋಗಿ.

1. ಜಾಳಿಗೆ. ಉರುಳೆಯಾಕಾರದ ಜಾಳಿಗೆಯನ್ನು ಎಡಕ್ಕೆ ತಿರುಗಿಸಿ ಮೇಲಕ್ಕೆತ್ತಿ, ಅದರಡಿಯ ಸ್ಟೀಲ್ ತಟ್ಟೆಯನ್ನೂ ತೆಗೆಯಿರಿ. ನಮ್ಮ ಅಡಿಗೆಗೆ ಹೆಚ್ಚು ಬಲಿಯಾಗುವುದು ಇದೇ. ಜೋಳದ ಹಿಟ್ಟು ಮೆತ್ತಿದ ಪರಾತ, ಲಟ್ಟಣಿಗೆಯ ಪಕ್ಕದ ತಾಟು ಹಾಗೇ ಒಳಗೆ ಹೋದರೆ ಬಿಸಿನೀರಿಗೆ ಹಿಟ್ಟು ಬೆಂದು ಅಂಟಾಗುತ್ತದೆ, ಸಣ್ಣ ಕಣ್ಣುಗಳನ್ನು ಮುಚ್ಚುತ್ತದೆ. ಅದರ ಮೇಲೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯ ಎಣ್ಣೆ ಕುಳಿತರೆ ಕೈಯಿಂದ ಉಜ್ಜಿದರೂ ಬಿಡದ ಪದರ. ಬೆಳಕಿಗೆ ಹಿಡಿದು ನೋಡಿ, ಕಣ್ಣುಗಳ ಮೂಲಕ ಬೆಳಕು ಬಾರದಿದ್ದರೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಒಂದು ತಾಸು ನೆನೆಸಿ ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ತಂತಿಯ ಉಜ್ಜುಗ ಬೇಡ, ಜಾಳಿಗೆ ಹರಿಯುತ್ತದೆ, ಉದುರಿದ ತಂತಿ ಪಂಪ್ ಸೇರುತ್ತದೆ.

2. ಕುಳಿ. ಟಾರ್ಚ್ ಹಿಡಿದು ನೋಡಿ. ಕರಿಬೇವಿನ ಎಲೆ, ಹುಣಸೆ ನಾರು, ನಿಂಬೆ ಬೀಜ, ಮೀನಿನ ಮುಳ್ಳು, ಹಲ್ಲುಕಡ್ಡಿ, ಬಾಟಲಿಯಿಂದ ಬಿಚ್ಚಿದ ಲೇಬಲ್ ಕಾಗದ ಸಿಗುವ ಜಾಗ ಇದು. ಕೈಗವಸು ಹಾಕಿದ್ದರೂ ಬೆರಳು ತೂರಿಸದೆ ಇಕ್ಕಳದಿಂದ ಎತ್ತಿರಿ.

3. ಪಂಪಿನ ಮುಚ್ಚಳ ಮತ್ತು ಎಲೆಚಕ್ರ. ಬಾಷ್ ಥರದ ಮಷಿನ್‌ಗಳಲ್ಲಿ ಕುಳಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ, ಚಮಚದ ಹಿಡಿಕೆಯಿಂದ ಮೀಟಿ ಒಳಬದಿಗೆ ಎಳೆದರೆ ಕೈಗೆ ಬರುತ್ತದೆ. ಹಿಂದೆ ಪುಟ್ಟ ಎಲೆಚಕ್ರ. ಚಮಚದ ತುದಿಯಿಂದ ತಿರುಗಿಸಿ. ಅದು ಸರಾಗವಾಗಿ ಗಿರಗಿರ ತಿರುಗದೆ, ತಡೆ ತಡೆದು ಕುಪ್ಪಳಿಸಿದಂತೆ ತಿರುಗುತ್ತದೆ. ಒಳಗಿನ ಆಯಸ್ಕಾಂತದ ಸೆಳೆತ ಅದು, ಕೆಟ್ಟಿಲ್ಲ. ತಿರುಗುವುದೇ ಇಲ್ಲವಾದರೆ ಏನೋ ಸಿಕ್ಕಿದೆ. ತಡೆಯೇ ಇಲ್ಲದೆ ಸಡಿಲವಾಗಿ ತಿರುಗಿದರೆ ಚಕ್ರ ಅಚ್ಚಿನಿಂದ ಮುರಿದಿರಬಹುದು. ಕೂದಲು, ನೂಲು ಸುತ್ತಿಕೊಂಡಿದ್ದರೆ ಬಿಡಿಸಿ. ಮುಚ್ಚಳ ಮರಳಿ ಹಾಕುವಾಗ ‘ಕಟ್’ ಎಂದು ಕೂತ ಸದ್ದು ಕೇಳಲೇಬೇಕು. ಅರ್ಧ ಕೂತ ಮುಚ್ಚಳದಿಂದ ಪಂಪ್ ಓಡಿದರೂ ನೀರು ಎಳೆಯುವುದಿಲ್ಲ. ಎಲ್ಲ ಮಷಿನ್‌ಗಳಲ್ಲಿ ಈ ದಾರಿ ಮೇಲಿನಿಂದ ಇರುವುದಿಲ್ಲ, ನಿಮ್ಮದರಲ್ಲಿ ಕಾಣದಿದ್ದರೆ ಬಲವಂತ ಬೇಡ.

4. ಪೈಪ್. ಮಾಡ್ಯುಲರ್ ಅಡಿಗೆಮನೆಯ ಗೂಡಿಗೆ ಮಷಿನ್ ತಳ್ಳುವಾಗ ಹಿಂದಿನ ಪೈಪ್ ಗೋಡೆಗೆ ಒತ್ತಿ ಮಡಚುವುದು ಬಹಳ ಸಾಮಾನ್ಯ. ನೆಲ ತೊಳೆಯಲು ಮಷಿನ್ ಎಳೆದು ಮತ್ತೆ ತಳ್ಳಿದ ಮರುದಿನ ತೊಂದರೆ ಶುರುವಾಗಿದ್ದರೆ ಮೊದಲು ಇಲ್ಲೇ ನೋಡಿ. ಮಷಿನ್ ಭಾರ, ಇಬ್ಬರು ಸೇರಿ ಎಳೆಯಿರಿ. ಟ್ರ್ಯಾಪ್ ಕಡೆಯಿಂದ ಬಿಡಿಸಿದ ಪೈಪ್‌ಗೆ ಬಾಯಿಟ್ಟು ಊದಬೇಡಿ, ಒಳಗೆ ಕ್ಷಾರದ ನೀರಿದೆ. ಹೇಗೂ ನೀರು ಹಿಂದಿರುಗದಂತೆ ತಡೆಯುವ ವಾಲ್ವ್ ಇರುವ ಮಷಿನ್‌ಗಳಲ್ಲಿ ಆ ಕಡೆಯಿಂದ ಗಾಳಿ ಹೋಗುವುದೂ ಇಲ್ಲ. ಎರಡೂ ತುದಿ ಬಿಚ್ಚಲು ಬಂದರೆ ಮಾತ್ರ ನಲ್ಲಿಗೆ ಹಿಡಿದು ತೊಳೆಯಿರಿ.

5. ಆ ವಾಲ್ವ್. ರಬ್ಬರ್‌ನ ಸಣ್ಣ ಬಾಗಿಲು, ಜಿಡ್ಡು ಮತ್ತು ಬೋರ್‌ವೆಲ್ ಸುಣ್ಣ ಕೂತು ಬಿಗಿದುಕೊಂಡರೆ ನೀರು ಹೊರಗೆ ಹೋಗುವುದಿಲ್ಲ, ಅರೆಬಿಚ್ಚಿ ನಿಂತರೆ ಹೋದ ನೀರು ವಾಪಸ್ ಬರುತ್ತದೆ. ಪ್ರೋಗ್ರಾಂ ಮುಗಿದಾಗ ಖಾಲಿಯಿದ್ದು ಒಂದು ತಾಸಿನ ಮೇಲೆ ನೀರು ಕಂಡರೆ ಇದೇ ಅನುಮಾನ. ಹೆಚ್ಚಿನವುಗಳಲ್ಲಿ ಇದು ಪಂಪಿನ ಹೊರಬಾಯಿಯ ಹತ್ತಿರ, ಅಂದರೆ ಮಷಿನ್ ಬಿಚ್ಚದೆ ಸಿಗದ ಜಾಗದಲ್ಲಿ ಇರುತ್ತದೆ.

ನೊರೆ

ಡಿಶ್‌ವಾಷರ್ ಪುಡಿ ತೀರಿದೆ, ಸಿಂಕಿಗೆ ಬಳಸುವ ಲಿಕ್ವಿಡ್ ಒಂದು ಚಮಚ ಹಾಕಿದರಾಯಿತು ಎಂದುಕೊಂಡರೆ ಒಳಗೆಲ್ಲ ನೊರೆ ಏಳುತ್ತದೆ. ಪಂಪ್‌ಗೆ ನೀರು ದೂಡಲು ಬರುತ್ತದೆ, ನೊರೆಯ ಗಾಳಿ ದೂಡಲು ಬರುವುದಿಲ್ಲ. ಬಾಗಿಲು ತೆರೆದಿಟ್ಟು ನೊರೆ ಇಳಿಯಲು ಬಿಡಿ, ಕೈಯಿಂದ ಎತ್ತಿ ಹಾಕಿ, ಒಂದು ಚಮಚ ಅಡಿಗೆ ಎಣ್ಣೆ ತಳಕ್ಕೆ ಸುರಿದರೆ ಉಳಿದದ್ದು ಬೇಗ ಒಡೆಯುತ್ತದೆ. ಆಮೇಲೆ ಖಾಲಿ ಮಷಿನ್‌ನಲ್ಲಿ ಬರೀ ಜಾಲಾಡುವ ಪ್ರೋಗ್ರಾಂ ಹಚ್ಚಿ.

ಇ15 ಬಂದರೆ

ಇದು ತಳದ ಟ್ರೇಗೆ ನೀರು ಸೋರಿದೆ ಎನ್ನುವ ಎಚ್ಚರಿಕೆ. ಟ್ರೇಯಲ್ಲಿನ ತೇಲುಗುಂಡು ಮೇಲೆದ್ದು ಸ್ವಿಚ್ ಒತ್ತಿದಾಗ ಮಷಿನ್ ತೊಳೆಯುವುದು ಬಿಟ್ಟು ಪಂಪ್ ಮಾತ್ರ ಓಡಿಸುತ್ತಲೇ ಇರುತ್ತದೆ. ಆ ಸದ್ದು ಕೇಳಿ ‘ನೀರು ಹೋಗುತ್ತಿಲ್ಲ’ ಎಂದು ತಪ್ಪು ತಿಳಿಯುತ್ತಾರೆ. ನಲ್ಲಿ ಮುಚ್ಚಿ, ಪ್ಲಗ್ ಕಿತ್ತು, ಸರ್ವಿಸ್‌ನವರನ್ನು ಕರೆಯಿರಿ. ಮಷಿನ್ ಹಿಂದಕ್ಕೆ ವಾಲಿಸಿ ಟ್ರೇಯ ನೀರು ಚೆಲ್ಲಿದರೆ ಕೋಡ್ ಹೋಗುತ್ತದೆ ನಿಜ, ಸೋರಿಕೆ ಹೋಗುವುದಿಲ್ಲ.

ಕರೆಂಟಿನ ಕಡೆ

ಎಲ್ಲ ಸ್ವಚ್ಛವಿದ್ದೂ ಪಂಪ್ ಮುಲುಗುತ್ತಿದ್ದರೆ ಅದೇ ಹೊತ್ತಿನಲ್ಲಿ ಮನೆಯ ವೋಲ್ಟೇಜ್ ನೋಡಿ. 230 ಇರಬೇಕಾದಲ್ಲಿ 170-180ಕ್ಕೆ ಇಳಿದಿದ್ದರೆ ಪಂಪ್ ಎದ್ದೇಳದು. ಹೊಲಗಳ ಪಂಪ್‌ಸೆಟ್ ಓಡುವ ತಾಸುಗಳಲ್ಲಿ ಹಾವೇರಿ ಕಡೆಯ ಊರಂಚಿನ ಮನೆಗಳಲ್ಲಿ ಇದನ್ನು ನೋಡಲೇಬೇಕು. ವೋಲ್ಟೇಜ್ ಸರಿಯಿದ್ದೂ ಸದ್ದಿಲ್ಲವಾದರೆ ಮಲ್ಟಿಮೀಟರ್ ಬಳಸಲು ಬರುವವರು ಪ್ಲಗ್ ತೆಗೆದ ಮಷಿನ್‌ನಲ್ಲಿ ಪಂಪಿನ ಸುರುಳಿಯ ಓಮ್ ಅಳೆಯಬಹುದು. 230 ವೋಲ್ಟಿನ ಸಾಮಾನ್ಯ ಆಯಸ್ಕಾಂತ ಪಂಪ್ ನೂರರ ಆಸುಪಾಸಿನಿಂದ ಕೆಲವು ನೂರರೊಳಗೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ಸುರುಳಿ ಹರಿದಿದೆ, ಆಗ ಪಂಪ್ ನಿಜವಾಗಿಯೂ ‘ಹೋಗೇತಿ’. ಸುರುಳಿ ಸರಿಯಿದ್ದೂ ಓಡದಿದ್ದರೆ ಬೋರ್ಡ್ ಅಥವಾ ವೈರಿಂಗ್, ಅದು ಮನೆಯ ಕೆಲಸವಲ್ಲ. ವಾರಂಟಿ ಇರುವ ಮಷಿನ್‌ಗೆ ಇಲ್ಲಿಯತನಕವೂ ಬರಬೇಡಿ, ಮೇಲಿನ 3ನೇ ಹಂತಕ್ಕೆ ನಿಂತುಬಿಡಿ.

ಸರ್ವಿಸ್‌ಗೆ ಫೋನ್ ಮಾಡುವಾಗ

‘ನೀರು ನಿಂತೈತಿ’ ಎಂದಷ್ಟೇ ಹೇಳಿದರೆ ಬರುವವರು ಬರಿಗೈಯಲ್ಲಿ ಬಂದು, ನೋಡಿ, ಭಾಗ ತರಿಸಬೇಕು ಎಂದು ಹೋಗುತ್ತಾರೆ. ಬಿಡಿಭಾಗ ದೊಡ್ಡ ಊರಿನಿಂದ ಬರಬೇಕಾದರೆ ವಾರ ಹಿಡಿಯಬಹುದು. ಬಾಗಿಲ ಅಂಚಿನಲ್ಲಿರುವ ಚೀಟಿಯಿಂದ ಮಾದರಿ ಸಂಖ್ಯೆ ಓದಿ, ಡಿಸ್‌ಪ್ಲೇಯ ಕೋಡ್ ಹೇಳಿ, ಬಕೆಟ್ ಪರೀಕ್ಷೆಯಲ್ಲಿ ಏನಾಯಿತು, ಪಂಪಿನ ಸದ್ದು ಯಾವ ಥರ ಇತ್ತು, ಎಲೆಚಕ್ರ ತಿರುಗುತ್ತಿದೆಯೇ ಎಂಬುದನ್ನು ತಿಳಿಸಿ. ಪಂಪ್ ಬದಲಿಸಿದರೆ ಹಳೆಯದನ್ನು ಕೇಳಿ ಇಸಿದುಕೊಳ್ಳಿ, ಹೊಸದನ್ನು ಹಾಕಿದ ಮೇಲೆ ಅವರೆದುರೇ ಪೂರ್ತಿ ಒಂದು ಪ್ರೋಗ್ರಾಂ ಓಡಿಸಿ.

ನೀರು ಹೋಗತೊಡಗಿದ ಮೇಲೆ ಭಾಂಡೆ ಇಲ್ಲದೆ ಒಮ್ಮೆ ಅತಿ ಬಿಸಿ ಪ್ರೋಗ್ರಾಂ ಹಚ್ಚಿ, ಮಷಿನ್ ಕ್ಲೀನರ್ ಹಾಕಿದರೆ ಪೈಪಿನ ಜಿಡ್ಡೂ ಕರಗುತ್ತದೆ. ಇನ್ನು ಮುಂದೆ ಪರಾತಕ್ಕೆ ಮೆತ್ತಿದ ಹಿಟ್ಟನ್ನು ತಣ್ಣೀರಿನಲ್ಲಿ ನೆನೆಸಿ ಕೆರೆದು ಒಳಗಿಡಿ, ಬಿಸಿನೀರು ಹಾಕಿದರೆ ಅಲ್ಲೇ ಬೆಂದು ಅಂಟುತ್ತದೆ. ಭಾಂಡೆಯನ್ನು ಪೂರ್ತಿ ತೊಳೆದು ಇಡಬೇಕಿಲ್ಲ, ಹಾಗಾದರೆ ಮಷಿನ್ ಯಾಕೆ ಬೇಕು? ಗಟ್ಟಿ ಪದಾರ್ಥ ಕೆಡವಿದರೆ ಸಾಕು. ರೊಟ್ಟಿ ಬಡಿಯುವ ಮನೆಯಲ್ಲಿ ಜಾಳಿಗೆಯನ್ನು ವಾರಕ್ಕೊಮ್ಮೆ, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಸಂಕ್ರಾಂತಿ ವಾರದಲ್ಲಿ ದಿನ ಬಿಟ್ಟು ದಿನ ತೊಳೆಯಿರಿ.